ಸೌರಮಂಡಲದ ಪ್ರಮಾಣಬದ್ಧ ಮಾದರಿ

ಸೂರ್ಯ, ಗ್ರಹ, ಉಪಗ್ರಹಗಳ ಗಾತ್ರವನ್ನೂ ಅವುಗಳ ನಡುವಿನ ದೂರವನ್ನೂ ಒಂದೇ ಅನುಪಾತದಲ್ಲಿ ಕುಗ್ಗಿಸಿ ನೆಲದ ಮೇಲೋ ಕಾಗದದ ಮೇಲೋ ಪರದೆಯ ಮೇಲೋ ತೋರಿಸುವ ರಚನೆಗೆ ಸೌರಮಂಡಲದ ಪ್ರಮಾಣಬದ್ಧ ಮಾದರಿ ಎಂದು ಹೆಸರು. ಇದೇ ಕ್ರಮವನ್ನು ನಕ್ಷತ್ರ ಮತ್ತು ಗೆಲಕ್ಸಿಗಳಿಗೂ ವಿಸ್ತರಿಸಿದರೆ ಅದು ವಿಶ್ವದ ಪ್ರಮಾಣಬದ್ಧ ಮಾದರಿ. ಗಾತ್ರಕ್ಕೆ ಒಂದು ಅಳತೆ, ದೂರಕ್ಕೆ ಇನ್ನೊಂದು ಅಳತೆ ಹಿಡಿದ ಚಿತ್ರಗಳು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಶಾಲೆಯ ಗೋಡೆಗಳ ಮೇಲೆ ಗ್ರಹಗಳು ಮೈಗೆ ಮೈ ತಾಗಿಸಿ ಸಾಲಾಗಿ ನಿಂತಿರುವ ಚಿತ್ರಗಳೆಲ್ಲ ಆ ಬಗೆಯವು. ಅವು ಗ್ರಹಗಳ ಸರದಿಯನ್ನು ತಿಳಿಸುತ್ತವೆ, ಅಳತೆಯನ್ನಲ್ಲ.

ಪರಿಭಾಷೆ

ಮಾದರಿಯಲ್ಲಿನ ಉದ್ದಕ್ಕೂ ನಿಜವಾದ ಉದ್ದಕ್ಕೂ ಇರುವ ಸಂಬಂಧವೇ ಅನುಪಾತ. 1:10 ಕೋಟಿ ಎಂದರೆ ನಿಜದ 10 ಕೋಟಿ ಮೀಟರು ಮಾದರಿಯಲ್ಲಿ ಒಂದು ಮೀಟರು. ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರವನ್ನು ಆಧರಿಸಿದ ಏಕಮಾನ ಖಗೋಳಮಾನ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2012ರಲ್ಲಿ ಇದನ್ನು 14,95,97,870.7 ಕಿ.ಮೀ. ಎಂದು ನಿಗದಿಪಡಿಸಿತು. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ ಜ್ಯೋತಿರ್ವರ್ಷ. ಅದು ಸುಮಾರು 9.46 ಲಕ್ಷ ಕೋಟಿ ಕಿ.ಮೀ., ಅಂದರೆ 63,241 ಖಗೋಳಮಾನ. ಜ್ಯೋತಿರ್ವರ್ಷ ದೂರದ ಅಳತೆಯೇ ಹೊರತು ಕಾಲದ್ದಲ್ಲ. ಈ ಲೇಖನದಲ್ಲಿ ಆಕಾಶಗಂಗೆ ಎಂಬ ಹೆಸರು ಸೂರ್ಯ ಸೇರಿರುವ ಗೆಲಕ್ಸಿಗೆ ಮಾತ್ರ ಮೀಸಲು.

ಮೂಲ

ಮಾದರಿ ಕಟ್ಟಲು ಮೊದಲು ದೂರ ಗೊತ್ತಿರಬೇಕು. ಪ್ರಾಚೀನ ಭಾರತದ ಸಿದ್ಧಾಂತ ಜ್ಯೋತಿಷದವರು ಇದಕ್ಕೆ ಒಂದು ಅಚ್ಚುಕಟ್ಟಾದ ನಿಯಮ ಹಿಡಿದಿದ್ದರು: ಎಲ್ಲ ಗ್ರಹಗಳೂ ದಿನಕ್ಕೆ ಸಮಾನ ಯೋಜನಗಳಷ್ಟೇ ಚಲಿಸುತ್ತವೆ, ಸುತ್ತು ಮುಗಿಸಲು ಹೆಚ್ಚು ಕಾಲ ಹಿಡಿಯುವ ಗ್ರಹದ ಕಕ್ಷೆ ಅಷ್ಟೇ ದೊಡ್ಡದು. ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ಭೂಮಿಯ ವ್ಯಾಸ 1,050 ಯೋಜನ, ಚಂದ್ರನದು 315, ಸೂರ್ಯನದು 4,410 ಎಂದು ಕೊಟ್ಟ. ಅವನ ಲೆಕ್ಕದಲ್ಲಿ ಇಡೀ ಆಕಾಶಕಕ್ಷೆಯ, ಅಂದರೆ ಆಕಾಶದ ಹೊರ ಎಲ್ಲೆಯ, ಸುತ್ತಳತೆ 12,47,472 ಕೋಟಿ ಯೋಜನಕ್ಕೂ ಮೇಲೆ.

ಈ ಅಂಕಿಗಳನ್ನು ಇಂದಿನವುಗಳ ಪಕ್ಕದಲ್ಲಿಟ್ಟರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಆರ್ಯಭಟನ ಲೆಕ್ಕದಲ್ಲಿ ಚಂದ್ರ ಭೂಮಿಯ ತ್ರಿಜ್ಯದ 65 ಪಟ್ಟಿಗಿಂತ ತುಸು ಹೆಚ್ಚು ದೂರ. ಇಂದಿನ ಅಳತೆಯಲ್ಲಿ 60 ಪಟ್ಟು. ಚಂದ್ರ ಭೂಮಿಯ ಶೇ. 30ರಷ್ಟು ಅಗಲ; ನಿಜದಲ್ಲಿ ಶೇ. 27. ಸಾವಿರದೈನೂರು ವರ್ಷಗಳ ಹಿಂದಿನ ಲೆಕ್ಕಕ್ಕೆ ಇದು ಸಣ್ಣ ಸಾಧನೆಯಲ್ಲ. ಸೂರ್ಯನ ವಿಷಯದಲ್ಲಿ ಮಾತ್ರ ಲೆಕ್ಕ ದಾರಿ ತಪ್ಪುತ್ತದೆ. ಅವನ ದೂರ ಭೂತ್ರಿಜ್ಯದ ಸುಮಾರು 875 ಪಟ್ಟು ಎಂದು ಬರುತ್ತದೆ. ನಿಜವಾದ ದೂರ 23,480 ಪಟ್ಟು. ಅಗಲದಲ್ಲೂ ಹಾಗೆಯೇ, 4.2 ಭೂಮಿಗಳ ಜಾಗದಲ್ಲಿ ವಾಸ್ತವವಾಗಿ 109 ಭೂಮಿಗಳು ಹಿಡಿಸುತ್ತವೆ. ಕಾರಣ ಇಷ್ಟೆ: ಭೂಮಿಯ ಎರಡು ಕಡೆಯಿಂದ ನೋಡಿದಾಗ ಚಂದ್ರ ಸರಿದಂತೆ ಕಾಣುವ ಕೋನ, ಅಂದರೆ ಲಂಬನ, ಬರಿಗಣ್ಣಿಗೆ ಸಿಗುವಷ್ಟು ದೊಡ್ಡದು. ಸೂರ್ಯನ ಲಂಬನ 8.8 ಸೆಕೆಂಡು ಕೋನ ಮಾತ್ರ. ದೂರದರ್ಶಕವಿಲ್ಲದೆ ಅದನ್ನು ಹಿಡಿಯುವುದು ಯಾರಿಗೂ ಸಾಧ್ಯವಿರಲಿಲ್ಲ.

1619ರಲ್ಲಿ ಕೆಪ್ಲರ್ ಪ್ರಕಟಿಸಿದ ಮೂರನೆಯ ನಿಯಮ ಕಕ್ಷೆಗಳ ಪರಸ್ಪರ ಅನುಪಾತವನ್ನು ಗಟ್ಟಿ ಮಾಡಿತು. ಸೌರಮಂಡಲದ ನಕ್ಷೆ ಸಿಕ್ಕಿತು, ಆದರೆ ಅದರ ಮೂಲೆಯಲ್ಲಿ ಮೈಲಿಯ ಅಳತೆಪಟ್ಟಿ ಇರಲಿಲ್ಲ. ಯಾವುದಾದರೂ ಒಂದು ದೂರ ಮೈಲಿಗಳಲ್ಲಿ ತಿಳಿದರೆ ಉಳಿದವೆಲ್ಲ ತಾವಾಗಿಯೇ ಸಿಗುವ ಸ್ಥಿತಿ. ಶುಕ್ರಗ್ರಹ ಸೂರ್ಯಬಿಂಬವನ್ನು ದಾಟುವ ಶುಕ್ರ ಸಂಕ್ರಮವನ್ನು ದೂರದೂರದ ಊರುಗಳಿಂದ ನೋಡಿ ಈ ಕೊರತೆ ತುಂಬಬಹುದೆಂದು 1716ರಲ್ಲಿ ಎಡ್ಮಂಡ್ ಹ್ಯಾಲಿ ಸೂಚಿಸಿದ. 1761 ಮತ್ತು 1769ರ ಸಂಕ್ರಮಗಳಿಗೆ ಯುರೋಪಿನ ಖಗೋಳಜ್ಞರು ಭೂಮಿಯ ಮೂಲೆಮೂಲೆಗೂ ಹೋದರು. ಎರಡನೆಯದರಿಂದ ದೊರೆತ ಸೂರ್ಯನ ದೂರ ಇಂದಿನ ಬೆಲೆಗೆ ಶೇ. 1ರಷ್ಟು ಸಮೀಪದ್ದು. ಮುಂದಿನ ಸಂಕ್ರಮ 1874ರ ಡಿಸೆಂಬರ್ 9ರಂದು. ಮದ್ರಾಸ್ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರಿ ಅದನ್ನು ಜನರಿಗೆ ವಿವರಿಸಲು ಬರೆದ ಪುಸ್ತಿಕೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಹೊರಬಂತು. ಸೂರ್ಯನ ದೂರವನ್ನು ಅಳೆಯುವ ವಿಧಾನ ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಅಚ್ಚಾದ ಆರಂಭದ ಬರಹಗಳಲ್ಲಿ ಇದು ಒಂದು. 1961ರಲ್ಲಿ ಶುಕ್ರನಿಗೆ ರೇಡಾರ್ ಅಲೆ ಕಳಿಸಿ ಪ್ರತಿಧ್ವನಿ ಪಡೆದ ಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ.

ಅಂಕಿಯನ್ನು ಮನಸ್ಸಿಗೆ ಮುಟ್ಟಿಸುವ ಪ್ರಯತ್ನವೂ ಇದರ ಜೊತೆಜೊತೆಗೇ ನಡೆದಿತ್ತು. ತೋಪಿನ ಗುಂಡು ಅದೇ ವೇಗದಲ್ಲಿ ಹಾರುತ್ತಲೇ ಇದ್ದರೆ ಭೂಮಿಯಿಂದ ಸೂರ್ಯನನ್ನು ಮುಟ್ಟಲು 25 ವರ್ಷ ಬೇಕೆಂದು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಲೆಕ್ಕ ಹಾಕಿದ. ಅವನು ತೀರಿಕೊಂಡ ಮೇಲೆ, 1698ರಲ್ಲಿ, ಅದು ಪ್ರಕಟವಾಯಿತು. ಅದೇ ನಾಡಿನ ಫ್ರಾನೆಕರ್ ಊರಿನಲ್ಲಿ ಉಣ್ಣೆ ಹಣಿಯುವ ಕಸುಬಿನ ಐಸೆ ಐಸಿಂಗಾ 1774ರಿಂದ 1781ರವರೆಗೆ ತನ್ನ ಮನೆಯ ನಡುಮನೆಯ ಮಾಳಿಗೆಗೆ ಸೌರಮಂಡಲವನ್ನು ತೂಗುಹಾಕಿದ. ಮರದ ಚಕ್ರ, ಕಬ್ಬಿಣದ ಮೊಳೆಗಳಿಂದ ಮಾಡಿದ ಅದು ಇಂದಿಗೂ ನಡೆಯುತ್ತಿದೆ. 1 ಮಿ.ಮೀ.ಗೆ 10 ಲಕ್ಷ ಕಿ.ಮೀ. ಎಂಬುದು ಅದರ ಕಕ್ಷೆಗಳ ಅನುಪಾತ. ಗ್ರಹಗಳು ತಮ್ಮ ನಿಜವಾದ ಕಾಲಕ್ಕೇ ಸುತ್ತುತ್ತವೆ, ಹಾಗಾಗಿ ಅಲ್ಲಿನ ಶನಿ ಒಂದು ಸುತ್ತಿಗೆ 29 ವರ್ಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. 2023ರಲ್ಲಿ ಈ ಮನೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಗಾತ್ರ ಮತ್ತು ದೂರ ಎರಡಕ್ಕೂ ಒಂದೇ ಅನುಪಾತ ಹಿಡಿದು ಬಯಲಿನಲ್ಲಿ ಮಾದರಿ ಹೂಡುವ ವಿಧಾನವನ್ನು ಪ್ರಸಿದ್ಧಗೊಳಿಸಿದವನು ಜಾನ್ ಹರ್ಷೆಲ್. 1833ರ ತನ್ನ ಖಗೋಳ ಗ್ರಂಥದಲ್ಲಿ ಅವನು ಎರಡು ಅಡಿಯ ಗೋಳವನ್ನು ಸೂರ್ಯನನ್ನಾಗಿಟ್ಟು, 164 ಅಡಿ ವ್ಯಾಸದ ವೃತ್ತದ ಮೇಲೆ ಸಾಸಿವೆ ಕಾಳನ್ನು ಬುಧನೆಂದೂ 430 ಅಡಿಯ ವೃತ್ತದ ಮೇಲೆ ಬಟಾಣಿಯನ್ನು ಭೂಮಿಯೆಂದೂ ಕೂರಿಸಿದ. ಇಂದಿನ ನಡಿಗೆ ಮಾದರಿಗಳೆಲ್ಲ ಈ ವಿವರಣೆಯ ಸಂತಾನ.

ರಚನೆ

ಮಾದರಿ ಕಟ್ಟುವವರಿಗೆ ಎರಡು ತುದಿಗಳಲ್ಲಿ ಎರಡು ತೊಡಕು. ಅತಿ ಚಿಕ್ಕ ಗ್ರಹ ಕಣ್ಣಿಗೆ ಕಾಣುವಷ್ಟಾದರೂ ಇರಬೇಕು. ಅತಿ ದೂರದ ಗ್ರಹ ನಡೆದೋ ವಾಹನದಲ್ಲೋ ತಲುಪುವಂತಿರಬೇಕು. ನೆಪ್ಚೂನಿನ ದೂರ ಬುಧನ ವ್ಯಾಸದ ಸುಮಾರು 9.2 ಲಕ್ಷ ಪಟ್ಟು. ಬುಧನನ್ನು 1 ಮಿ.ಮೀ.ಗೆ ಇಳಿಸಿದರೂ ನೆಪ್ಚೂನ್ 920 ಮೀಟರು ಆಚೆ ನಿಲ್ಲುತ್ತದೆ. ಆಗ ಸೂರ್ಯ 28.5 ಸೆಂ.ಮೀ.ನ ಗೋಳ, ಭೂಮಿ 31 ಮೀಟರಿನಾಚೆ 2.6 ಮಿ.ಮೀ.ನ ಮಣಿ. ಪುಸ್ತಕದ ಪುಟದಲ್ಲಿ ಇದು ಏಕೆ ಆಗದೆಂಬುದಕ್ಕೆ ಇನ್ನೊಂದು ಲೆಕ್ಕ: ಸೂರ್ಯನಿಂದ ನೆಪ್ಚೂನಿನವರೆಗಿನ ದೂರವನ್ನು 30 ಸೆಂ.ಮೀ.ಗೆ ತಂದರೆ ಸೂರ್ಯನೇ 0.1 ಮಿ.ಮೀ.ಗಿಂತ ಚಿಕ್ಕವನಾಗುತ್ತಾನೆ, ಭೂಮಿ ಸಾವಿರದ ಒಂದು ಮಿ.ಮೀ.ಗೂ ಕಡಿಮೆ. ಅಚ್ಚಿನ ಶಾಯಿಯ ಒಂದು ಚುಕ್ಕೆ ಇದಕ್ಕಿಂತ ದೊಡ್ಡದು. ಪಠ್ಯಪುಸ್ತಕದ ಚಿತ್ರಗಳು ಅಳತೆ ತಪ್ಪಿರುವುದು ಚಿತ್ರಕಾರರ ಉದಾಸೀನದಿಂದಲ್ಲ.

ಕೆಲವು ಸರಳೀಕರಣಗಳನ್ನು ಎಲ್ಲ ಮಾದರಿಗಳೂ ಒಪ್ಪಿಕೊಂಡಿವೆ. ದೀರ್ಘವೃತ್ತದ ಕಕ್ಷೆಗಳಿಗೆ ಸರಾಸರಿ ದೂರವನ್ನೇ ಹಿಡಿಯುತ್ತಾರೆ. ಗ್ರಹಗಳನ್ನು ಒಂದೇ ದಾರಿಯ ಮೇಲೆ ಸಾಲಾಗಿ ಇಡುತ್ತಾರೆ, ಆಕಾಶದಲ್ಲಿ ಅವು ಹಾಗೆ ಸಾಲುಗಟ್ಟದಿದ್ದರೂ.

ಚನ್ನಗಿರಿಯಿಂದ ಜಗಳೂರಿಗೆ: ಒಂದು ಲೆಕ್ಕ

1:10 ಕೋಟಿ ಅನುಪಾತ ಭಾರತೀಯ ಎಣಿಕೆಗೆ ಹೇಳಿ ಮಾಡಿಸಿದಂತಿದೆ. ಒಂದು ಸೆಂಟಿಮೀಟರಿಗೆ ಸಾವಿರ ಕಿ.ಮೀ., ಒಂದು ಮೀಟರಿಗೆ ಲಕ್ಷ ಕಿ.ಮೀ., ಒಂದು ಕಿಲೊಮೀಟರಿಗೆ ಹತ್ತು ಕೋಟಿ ಕಿ.ಮೀ. ಈ ಅನುಪಾತದಲ್ಲಿ ಸೌರಮಂಡಲ ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟಾಗುತ್ತದೆ. ದಾವಣಗೆರೆ ಜಿಲ್ಲೆಯ ದಕ್ಷಿಣ ಭಾಗದ ಚನ್ನಗಿರಿಯನ್ನು ಕೇಂದ್ರವಾಗಿಟ್ಟು ಕೆಳಗಿನ ಲೆಕ್ಕ ಕೊಡಲಾಗಿದೆ. ಊರುಗಳ ದೂರ ನಕ್ಷೆಯ ಮೇಲಿನ ನೇರ ಗೆರೆಯ ಅಂದಾಜು. ರಸ್ತೆಯಲ್ಲಿ ಇನ್ನೂ ಹೆಚ್ಚು.

ಚನ್ನಗಿರಿಯ ಕೋಟೆಗುಡ್ಡದ ಬುಡದಲ್ಲಿ ಸೂರ್ಯ 13.9 ಮೀಟರ್ ಎತ್ತರದ ಗೋಳ, ನಾಲ್ಕಂತಸ್ತಿನ ಕಟ್ಟಡದಷ್ಟು. ಅಲ್ಲಿಂದ 580 ಮೀಟರಿಗೆ ಬುಧ, 4.9 ಸೆಂ.ಮೀ. ಅವನ ಕಕ್ಷೆ ಎಷ್ಟು ಸೊಟ್ಟ ಎಂದರೆ ಮಾದರಿಯಲ್ಲೂ ಅವನು 460ರಿಂದ 698 ಮೀಟರುಗಳ ನಡುವೆ ಹಿಂದುಮುಂದಾಗುತ್ತಾನೆ. ಶುಕ್ರ 1.08 ಕಿ.ಮೀ.ನಲ್ಲಿ, 12.1 ಸೆಂ.ಮೀ. ಭೂಮಿ 1.5 ಕಿ.ಮೀ.ನಲ್ಲಿ, 12.7 ಸೆಂ.ಮೀ. ಅದರಿಂದ 3.84 ಮೀಟರಿನಾಚೆ ಚಂದ್ರ, 3.5 ಸೆಂ.ಮೀ. ಮನುಷ್ಯ ಈವರೆಗೆ ಖುದ್ದಾಗಿ ಮಾಡಿದ ಅತಿ ದೂರದ ಪ್ರಯಾಣ ಈ ನಾಲ್ಕು ಮೀಟರಿನ ಆಸುಪಾಸಿನದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಭೂಮಿಯ ಮೈಯಿಂದ 4 ಮಿ.ಮೀ. ಮೇಲೆ. 2023ರ ಸೆಪ್ಟೆಂಬರ್ 2ರಂದು ಇಸ್ರೊ ಹಾರಿಸಿದ ಆದಿತ್ಯ-ಎಲ್1 ಸೂರ್ಯನ ಕಡೆಗೆ 15 ಮೀಟರು ಹೋಗಿ ನಿಂತಿದೆ. ಇನ್ನೂ ಒಂದೂವರೆ ಕಿಲೊಮೀಟರು ಬಾಕಿ. ಮಂಗಳ 2.3 ಕಿ.ಮೀ.ನಲ್ಲಿ 6.8 ಸೆಂ.ಮೀ. ಇಷ್ಟರಲ್ಲಿ ಕಲ್ಲುಗ್ರಹಗಳ ಸರದಿ ಮುಗಿಯಿತು; ಊರ ಹೊರವಲಯವೂ ಮುಗಿದಿರುತ್ತದೆ.

ಅಲ್ಲಿಂದಾಚೆ ಖಾಲಿ ಹೆಚ್ಚುತ್ತದೆ. ಸೂಳೆಕೆರೆಯ ಕಡೆಗೆ ಹೊರಟರೆ 4 ಕಿ.ಮೀ. ದಾಟಿದ ಮೇಲೆ ಕ್ಷುದ್ರಗ್ರಹಗಳಲ್ಲೆಲ್ಲ ದೊಡ್ಡದಾದ ಸಿರೆಸ್, ಒಂದು ಸೆಂಟಿಮೀಟರೂ ಇಲ್ಲ. 7.8 ಕಿ.ಮೀ.ಗೆ 1.4 ಮೀಟರಿನ ಗುರು. ಶಾಂತಿಸಾಗರ ಎಂಬ ಇನ್ನೊಂದು ಹೆಸರಿನ ಆ ಕೆರೆಯ ಆಸುಪಾಸಿನಲ್ಲಿ, 14.3 ಕಿ.ಮೀ. ದೂರದಲ್ಲಿ, 1.2 ಮೀಟರಿನ ಶನಿ. ಉಂಗುರಗಳನ್ನೂ ಸೇರಿಸಿದರೆ ಅಗಲ 2.7 ಮೀಟರು. ಪೂರ್ವಕ್ಕೆ ಹೋದರೆ ಹೊಳಲ್ಕೆರೆಯ ಬಳಿ ಯುರೇನಸ್, 28.7 ಕಿ.ಮೀ.ನಲ್ಲಿ 51 ಸೆಂ.ಮೀ. ನೆಪ್ಚೂನ್ 45 ಕಿ.ಮೀ.ನಲ್ಲಿ, ಅರ್ಧ ಮೀಟರಿಗೆ ಕೂದಲೆಳೆ ಕಡಿಮೆ. ಚನ್ನಗಿರಿಯ ನೇರ ಉತ್ತರಕ್ಕಿರುವ ದಾವಣಗೆರೆಗೆ ಇನ್ನೇನು ನಾಲ್ಕು ಕಿಲೊಮೀಟರು ಇರುವಾಗ ಅದು ಸಿಗುತ್ತದೆ. ಹೊನ್ನಾಳಿಗೆ ಸುಮಾರು 38 ಕಿ.ಮೀ., ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಗೆ 41. ಎರಡೂ ಯುರೇನಸ್ ಮತ್ತು ನೆಪ್ಚೂನ್ ಕಕ್ಷೆಗಳ ನಡುವಿನ ಬಯಲಲ್ಲಿ ಬೀಳುತ್ತವೆ. ಅಲ್ಲಿ ದೊಡ್ಡದೆನ್ನುವಂಥದ್ದು ಏನೂ ಇಲ್ಲ.

ಪ್ಲೂಟೊ ಸುಲಿದ ಅಡಿಕೆಯಷ್ಟು, 2.4 ಸೆಂ.ಮೀ. ಅದರ ಕಕ್ಷೆ 44.4 ಕಿ.ಮೀ.ಯಿಂದ 73.8 ಕಿ.ಮೀ.ವರೆಗೆ ಚಾಚಿದೆ. ಹತ್ತಿರದ ತುದಿ ನೆಪ್ಚೂನಿಗಿಂತಲೂ ಒಳಗೆ. 1979ರಿಂದ 1999ರವರೆಗೆ ಪ್ಲೂಟೊ ಹಾಗೆ ಒಳಗಿತ್ತು. ದೂರದ ತುದಿ ಜಗಳೂರನ್ನೂ ದಾಟಿ ಮೂರು ಕಿಲೊಮೀಟರು ಆಚೆ. ಸೂರ್ಯನನ್ನು ಬಿಟ್ಟರೆ ಈ 70 ಕಿ.ಮೀ. ತ್ರಿಜ್ಯದ ವೃತ್ತದಲ್ಲಿರುವ ಎಲ್ಲ ಗ್ರಹಗಳನ್ನೂ ಒಂದು ಮಿನಿ ಲಾರಿಗೆ ಹೇರಬಹುದು.

ಈ ಮಾದರಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ 3 ಮೀಟರು, ಗಂಟೆಗೆ 10.8 ಕಿ.ಮೀ.; ಅಂದರೆ ಸಾವಕಾಶವಾಗಿ ತುಳಿದ ಸೈಕಲಿನ ವೇಗ. ಅದಕ್ಕಿಂತ ಬೇಗ ಹೋಗುವುದು ವಿಶ್ವದಲ್ಲಿ ಏನೂ ಇಲ್ಲ. ಚನ್ನಗಿರಿಯಿಂದ ಭೂಮಿಗೆ 8 ನಿಮಿಷ 19 ಸೆಕೆಂಡು, ನೆಪ್ಚೂನಿಗೆ 4 ಗಂಟೆ 10 ನಿಮಿಷ. 1977ರ ಸೆಪ್ಟೆಂಬರ್ 5ರಂದು ಹೊರಟ ವಾಯೇಜರ್-1 ಸೆಕೆಂಡಿಗೆ 17 ಕಿ.ಮೀ. ಓಡುತ್ತಿದೆ, ಮಾದರಿಯಲ್ಲಿ ಅದು ಗಂಟೆಗೆ 61 ಸೆಂಟಿಮೀಟರು. ಅರ್ಧ ಶತಮಾನದಲ್ಲಿ ಅದು ಬೆಂಗಳೂರನ್ನು ದಾಟಿ ಹೊಸೂರಿನ ಸುತ್ತಮುತ್ತ, 250 ಕಿ.ಮೀ.ಗಳ ಆಚೆ ತಲುಪಿದೆ. ಮನುಷ್ಯ ಕಳಿಸಿದ ಯಾವ ವಸ್ತುವೂ ಅದಕ್ಕಿಂತ ದೂರ ಹೋಗಿಲ್ಲ.

ನಕ್ಷತ್ರಗಳ ಕಡೆಗೆ

ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಚನ್ನಗಿರಿ ಮಾದರಿಯಲ್ಲಿ ಅದನ್ನಿಡಲು ಕರ್ನಾಟಕವಾಗಲಿ ಇಡೀ ಭೂಮಿಯಾಗಲಿ ಸಾಲದು. ಅದರ ಸ್ಥಾನ 4.01 ಲಕ್ಷ ಕಿ.ಮೀ., ಆಕಾಶದ ನಿಜವಾದ ಚಂದ್ರನಷ್ಟು ದೂರ. ಅಲ್ಲಿ 2.1 ಮೀಟರಿನ ಕೆಂಪು ಗೋಳವೊಂದನ್ನು ಇಡಬೇಕು. ಇನ್ನೂ ಹತ್ತು ಪಟ್ಟು ಕುಗ್ಗಿಸಿ 1:100 ಕೋಟಿಗೆ ಇಳಿದರೂ ಅದು 40,000 ಕಿ.ಮೀ., ಅಂದರೆ ಭೂಮಿಯನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುವಷ್ಟು. ಅಂದಮೇಲೆ ಗ್ರಹವೂ ನಕ್ಷತ್ರವೂ ಒಟ್ಟಿಗೆ ಕಾಣುವ ಅನುಪಾತ ಎಂಬುದೇ ಇಲ್ಲ. ಪ್ರತಿ ಹಂತಕ್ಕೂ ಹಳೆಯ ಅನುಪಾತ ಬಿಟ್ಟು ಹೊಸದನ್ನು ಹಿಡಿಯಬೇಕು. ಹಿಂದಿನ ಮಾದರಿ ಇಡಿಯಾಗಿ ಮುಂದಿನದರಲ್ಲಿ ಒಂದು ಚುಕ್ಕೆಯಾಗುತ್ತದೆ.

ಎರಡನೆಯ ಹಂತಕ್ಕೆ ಒಂದು ಜ್ಯೋತಿರ್ವರ್ಷಕ್ಕೆ ಒಂದು ಮೀಟರ್ ಎಂಬ ಅಳತೆ ಅನುಕೂಲ. ನೆಪ್ಚೂನಿನ ಕಕ್ಷೆ ಪೂರ್ತಿಯಾಗಿ 1 ಮಿ.ಮೀ.ನ ಉಂಗುರ. ಪ್ರಾಕ್ಸಿಮಾ 4.24 ಮೀಟರು, ಲುಬ್ಧಕ 8.6. ರೈತರು ಮಳೆಯ ಹೆಸರಾಗಿ ದಿನವೂ ಎತ್ತುವ ನಕ್ಷತ್ರಗಳ ದೂರ ಇಲ್ಲಿ ಗದ್ದೆ ಬದುವಿನ ಅಳತೆಗೆ ಬರುತ್ತದೆ: ಸ್ವಾತಿ 37 ಮೀಟರು, ರೋಹಿಣಿ 65ರ ಆಸುಪಾಸು, ಚಿತ್ತಾ 250, ಕೃತ್ತಿಕಾ ಗುಂಪು 440. ಆರ್ದ್ರೆಯ ದೂರ ಇನ್ನೂ ನಿಖರವಾಗಿ ಇತ್ಯರ್ಥವಾಗಿಲ್ಲ, 500ರಿಂದ 700 ಮೀಟರುಗಳ ನಡುವೆ ಎಂದು ಹೇಳುತ್ತಾರೆ. ಆಕಾಶದಲ್ಲಿ ಒಂದೇ ಹಾಳೆಯ ಮೇಲೆ ಬಿಡಿಸಿದಂತೆ ಕಾಣುವ ನಕ್ಷತ್ರಗಳು ವಾಸ್ತವವಾಗಿ ಹೀಗೆ ಹಿಂದುಮುಂದು ಚದುರಿವೆ. ಈ ಅಳತೆಯಲ್ಲಿ ಆಕಾಶಗಂಗೆ 100 ಕಿ.ಮೀ. ಅಗಲ, ಸುಮಾರು 1 ಕಿ.ಮೀ. ದಪ್ಪದ ತಟ್ಟೆ. ಸೂರ್ಯ ಚನ್ನಗಿರಿಯಲ್ಲಿದ್ದರೆ ಆಕಾಶಗಂಗೆಯ ಕೇಂದ್ರ 26 ಕಿ.ಮೀ. ಪೂರ್ವಕ್ಕೆ, ಹೊಳಲ್ಕೆರೆಗೆ ಸ್ವಲ್ಪ ಈಚೆ. ಆಂಡ್ರೊಮಿಡಾ ಗೆಲಕ್ಸಿ 2,500 ಕಿ.ಮೀ. ದೂರ.

ಮೂರನೆಯ ಹಂತದಲ್ಲಿ ಆಕಾಶಗಂಗೆಯೇ ಒಂದು ಮೀಟರು. ಆಂಡ್ರೊಮಿಡಾ 25 ಮೀಟರಿನಲ್ಲಿ. ನಕ್ಷತ್ರಗಳ ನಡುವಿನ ಖಾಲಿಗೆ ಹೋಲಿಸಿದರೆ ಗೆಲಕ್ಸಿಗಳು ಒತ್ತೊತ್ತಾಗಿಯೇ ಇವೆ ಎನ್ನಬೇಕು: ನಕ್ಷತ್ರಗಳ ನಡುವಿನ ದೂರ ಅವುಗಳ ವ್ಯಾಸದ ಕೋಟಿಗಟ್ಟಲೆ ಪಟ್ಟು, ಈ ಎರಡು ಗೆಲಕ್ಸಿಗಳ ನಡುವಿನದು ಇಪ್ಪತ್ತೈದೇ ಪಟ್ಟು. ಕನ್ಯಾ ಗೆಲಕ್ಸಿಗುಚ್ಛ ಅರ್ಧ ಕಿಲೊಮೀಟರು ದಾಟಿದರೆ ಸಿಗುತ್ತದೆ. ಕಾಣಬಲ್ಲ ವಿಶ್ವದ ಅಂಚು 465 ಕಿ.ಮೀ.ನಲ್ಲಿ, ಚನ್ನಗಿರಿಯಿಂದ ಹೈದರಾಬಾದಿಗೆ ಇರುವ ನೇರ ದೂರವೂ ಸುಮಾರು ಅಷ್ಟೇ. ವಿಶ್ವದ ವಯಸ್ಸು 1,380 ಕೋಟಿ ವರ್ಷವಾದರೂ ಅಂಚು 4,650 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವುದಕ್ಕೆ ಕಾರಣ, ಬೆಳಕು ದಾರಿಯಲ್ಲಿದ್ದಷ್ಟು ಕಾಲವೂ ಆಕಾಶ ಹಿಗ್ಗುತ್ತಲೇ ಇದ್ದದ್ದು.

ಪ್ರಕಾರಗಳು

ಯಾಂತ್ರಿಕ ಮಾದರಿಗಳಲ್ಲಿ ಐಸಿಂಗಾನದು ಅಪವಾದ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೆಸರಾದ ಆರರಿ ಎಂಬ ಹಲ್ಲುಚಕ್ರದ ಯಂತ್ರಗಳು ಗ್ರಹಗಳ ಸುತ್ತಾಟದ ಕಾಲವನ್ನು ಸರಿಯಾಗಿ ತೋರಿಸಿದವೇ ಹೊರತು ದೂರವನ್ನಲ್ಲ.

ಶಾಶ್ವತ ನಡಿಗೆ ಮಾದರಿಗಳು ಇಂದು ಹೆಚ್ಚು ಪ್ರಚಲಿತ. ಇವುಗಳಲ್ಲಿ ದೊಡ್ಡದು ಸ್ವೀಡನ್ನಿನದು, 1:2 ಕೋಟಿ. ಸ್ಟಾಕ್‌ಹೋಮಿನಲ್ಲಿ ಹಿಂದೆ ಗ್ಲೋಬ್ ಎಂಬ ಹೆಸರಿದ್ದ ಗೋಳಾಕಾರದ ಕ್ರೀಡಾಂಗಣವೇ ಸೂರ್ಯ. ಗುರು ವಿಮಾನ ನಿಲ್ದಾಣದ ಬಳಿ 40 ಕಿ.ಮೀ.ನಲ್ಲಿ, ಪ್ಲೂಟೊ ಡೆಲ್ಸ್‌ಬೊ ಎಂಬ ಊರಿನಲ್ಲಿ ಸುಮಾರು 300 ಕಿ.ಮೀ.ನಲ್ಲಿ. ಅಮೆರಿಕದ ಮೇನ್ ರಾಜ್ಯದಲ್ಲಿ 2003ರಲ್ಲಿ ಹೆದ್ದಾರಿಯ ಬದಿಗೆ 40 ಮೈಲಿ ಉದ್ದಕ್ಕೆ ಗ್ರಹಗಳನ್ನು ನೆಡಲಾಯಿತು. ಇಥಾಕಾ ನಗರದಲ್ಲಿ ಕಾರ್ಲ್ ಸೇಗನ್ ನೆನಪಿಗೆ 1997ರಲ್ಲಿ ಆದ ನಡಿಗೆ ಮಾದರಿ 1:500 ಕೋಟಿ. ಅದರ ಆಲ್ಫಾ ಸೆಂಟಾರಿ ನಕ್ಷತ್ರದ ಕಂಬ ಸಾವಿರಾರು ಕಿ.ಮೀ. ಆಚೆ ಹವಾಯಿ ದ್ವೀಪದಲ್ಲಿದೆ. ವಾಷಿಂಗ್ಟನ್ನಿನ 2001ರ ಮಾದರಿ 1:1,000 ಕೋಟಿ.

ತಾತ್ಕಾಲಿಕ ಮಾದರಿಗಳಲ್ಲಿ ಅತ್ಯಂತ ಅಗ್ಗದ್ದು ಕಾಗದದ ಪಟ್ಟಿಯದು. ಒಂದು ಮೀಟರ್ ಪಟ್ಟಿಯ ಒಂದು ತುದಿಗೆ ಸೂರ್ಯ, ಇನ್ನೊಂದಕ್ಕೆ ಪ್ಲೂಟೊ ಬರೆದು ಅರ್ಧಕ್ಕೆ ಮಡಚಿದರೆ ಮಡಿಕೆಯ ಮೇಲೆ ಯುರೇನಸ್ ಬರುತ್ತದೆ. ಯುರೇನಸ್ಸಿಗೂ ಪ್ಲೂಟೊಗೂ ನಡುವೆ ಮಡಚಿದರೆ ನೆಪ್ಚೂನ್. ಸೂರ್ಯನ ಕಡೆಯ ಅರ್ಧವನ್ನು ಮತ್ತೆ ಮಡಚಿದರೆ ಶನಿ. ಇನ್ನೊಮ್ಮೆ ಮಡಚಿದರೆ ಗುರುವಿನ ಸಮೀಪ. ಕೊನೆಗೆ ಉಳಿಯುವ ನಾಲ್ಕು ಸೆಂಟಿಮೀಟರಿನಲ್ಲಿ ಮಂಗಳ, ಭೂಮಿ, ಶುಕ್ರ, ಬುಧ ನಾಲ್ವರನ್ನೂ ತುರುಕಬೇಕು. ಭೂಮಿ 2.5 ಸೆಂ.ಮೀ.ಗೆ, ಬುಧ 1 ಸೆಂ.ಮೀ.ಗೆ. ಮಕ್ಕಳ ಪೆನ್ಸಿಲ್ಲಿಗೆ ಜಾಗ ಸಾಲದಾಗುವುದು ಇಲ್ಲಿಯೇ. ಇದು ದೂರದ ಮಾದರಿ ಮಾತ್ರ. ಗಾತ್ರವನ್ನು ಇದರಲ್ಲಿ ಬರೆಯಲಾಗದು.

ಹಂತಹಂತವಾಗಿ ಅನುಪಾತ ಬದಲಿಸುವ ವಿಧಾನಕ್ಕೆ ರೂಪ ಕೊಟ್ಟದ್ದು ಡಚ್ ಶಿಕ್ಷಕ ಕೇಸ್ ಬೂಕೆ 1957ರಲ್ಲಿ ಹೊರತಂದ ಚಿತ್ರಪುಸ್ತಕ. ಪುಟ ತಿರುವಿದಂತೆಲ್ಲ ನೋಟ ಹತ್ತು ಪಟ್ಟು ಅಗಲವಾಗುತ್ತದೆ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1977ರ ತಮ್ಮ ಒಂಬತ್ತು ನಿಮಿಷಗಳ ಚಲನಚಿತ್ರಕ್ಕೆ ಇದನ್ನೇ ಆಧಾರವಾಗಿ ಬಳಸಿಕೊಂಡರು. 2015ರಲ್ಲಿ ಅಮೆರಿಕದ ನೆವಾಡ ಮರುಭೂಮಿಯಲ್ಲಿ ಏಳು ಮೈಲಿ ಹರವಿಗೆ ಕಕ್ಷೆಗಳನ್ನು ಗುರುತು ಮಾಡಿ ರಾತ್ರಿ ದೀಪ ಹಿಡಿದು ಚಿತ್ರೀಕರಿಸಿದ ಕಿರುಚಿತ್ರವೂ ಪ್ರಸಿದ್ಧ. ಕಂಪ್ಯೂಟರಿನಲ್ಲಿ ಸ್ಟೆಲೇರಿಯಂ, ಸೆಲೆಸ್ಟಿಯಾದಂಥ ಉಚಿತ ತಂತ್ರಾಂಶಗಳಿವೆ. ಚಂದ್ರನನ್ನು ಪರದೆಯ ಒಂದೇ ಚುಕ್ಕೆಗೆ ಇಳಿಸಿ ಉಳಿದದ್ದನ್ನೆಲ್ಲ ಪಕ್ಕಕ್ಕೆ ಸರಿಸುತ್ತ ಹೋಗುವ ಜಾಲಪುಟ 2014ರಲ್ಲಿ ಬಂತು. ಅದರಲ್ಲಿ ಬೆರಳು ನೋಯುವವರೆಗೆ ಸರಿಸಿದರೂ ಕಾಣುವುದು ಕಪ್ಪು.

ಉಪಯೋಗ

ಗ್ರಹಣಗಳ ಪಾಠಕ್ಕೆ ಪ್ರಮಾಣಬದ್ಧ ಮಾದರಿಯಷ್ಟು ನೇರವಾದ ಸಾಧನ ಇಲ್ಲ. ಪ್ರತಿ ಹುಣ್ಣಿಮೆಗೂ ಚಂದ್ರಗ್ರಹಣ ಏಕಿಲ್ಲ ಎಂಬ ಪ್ರಶ್ನೆಗೆ ಪಠ್ಯದ ಚಿತ್ರ ಸರಿಯಾದ ಉತ್ತರ ಕೊಡದು, ಏಕೆಂದರೆ ಅದರಲ್ಲಿ ಚಂದ್ರ ಭೂಮಿಯ ಮಗ್ಗುಲಲ್ಲೇ ಇರುತ್ತಾನೆ. 1:10 ಕೋಟಿಯಲ್ಲಿ 12.7 ಸೆಂ.ಮೀ.ನ ಭೂಮಿಯಿಂದ 3.84 ಮೀಟರು ದೂರಕ್ಕೆ ಚಂದ್ರನನ್ನು ಹಿಡಿದಾಗ, ಅಲ್ಲಿಗೆ ತಲುಪುವ ಭೂಮಿಯ ದಟ್ಟ ನೆರಳಿನ ಅಗಲ ಕೇವಲ 9 ಸೆಂ.ಮೀ. ಚಂದ್ರನ ಕಕ್ಷೆ 5 ಡಿಗ್ರಿ ವಾಲಿರುವುದರಿಂದ ಚಂದ್ರ ಆ ದೂರದಲ್ಲಿ 34 ಸೆಂ.ಮೀ.ವರೆಗೆ ಮೇಲೆ ಅಥವಾ ಕೆಳಗೆ ಸರಿಯಬಲ್ಲ. ತಪ್ಪಿಸಿಕೊಳ್ಳುವುದೇ ಹೆಚ್ಚು, ಸಿಕ್ಕಿಬೀಳುವುದು ಅಪರೂಪ.

ಬಾಹ್ಯಾಕಾಶ ಯಾನಗಳ ತೊಡಕನ್ನು ತಿಳಿಸಲೂ ಇದು ಬಳಕೆಯಾಗುತ್ತದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಮಂಗಳ ಭೂಮಿಯಿಂದ 22 ಕೋಟಿ ಕಿ.ಮೀ.ಗಿಂತ ತುಸು ಹೆಚ್ಚು ದೂರದಲ್ಲಿತ್ತು. ಸಂಕೇತ ಒಂದು ಕಡೆಗೆ ಹೋಗಲು 12 ನಿಮಿಷಕ್ಕೂ ಹೆಚ್ಚು ಬೇಕಿತ್ತು. ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಆ ಕ್ಷಣದಲ್ಲಿ ಏನೂ ಮಾಡಲಾಗದೆಂದೇ ಆದೇಶಗಳನ್ನು ಮೊದಲೇ ನೌಕೆಗೆ ತುಂಬಿಸಲಾಗಿತ್ತು. ಆ ಸಂಕೇತಗಳನ್ನು ಹಿಡಿದದ್ದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ 32 ಮೀಟರಿನ ಆಂಟೆನಾ ಮೊದಲಾದವು. ಸೈಕಲ್ ವೇಗದ ಬೆಳಕಿನ ಮಾದರಿಯಲ್ಲಿ ಈ ವಿಳಂಬ ಎರಡೂಕಾಲು ಕಿಲೊಮೀಟರಿನ ದಾರಿಯಾಗಿ ಕಾಣುತ್ತದೆ.

ಮಾದರಿಗೆ ಬೇಕಾದ ಮೊದಲ ಅಂಕಿಯಾದ ಭೂಮಿಯ ಗಾತ್ರವನ್ನು ಶಾಲೆಯ ಅಂಗಳದಲ್ಲೇ ಅಳೆಯಬಹುದು. ದಾವಣಗೆರೆ ಮತ್ತು ಚನ್ನಗಿರಿ ಬಹುತೇಕ ಒಂದೇ ರೇಖಾಂಶದ ಮೇಲಿವೆ, ಉತ್ತರ ದಕ್ಷಿಣವಾಗಿ ಸುಮಾರು 49 ಕಿ.ಮೀ. ಅಂತರ. ಎರಡೂ ಕಡೆ ಒಂದೊಂದು ಮೀಟರ್ ಕೋಲು ನೆಟ್ಟು, ಒಂದೇ ದಿನ ನಡುಹಗಲಿನ ನೆರಳನ್ನು ಅಳೆದರೆ ಸೂರ್ಯನ ಎತ್ತರದಲ್ಲಿ 0.44 ಡಿಗ್ರಿ ವ್ಯತ್ಯಾಸ ಸಿಗಬೇಕು. 49ನ್ನು 0.44ರಿಂದ ಭಾಗಿಸಿ 360ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ 40,000 ಕಿ.ಮೀ. ಎರಾಟೊಸ್ಥೆನಿಸ್ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ಅಭ್ಯಾಸದಲ್ಲಿ ಮಾತ್ರ ಇದು ಸುಲಭವಲ್ಲ: ಎರಡು ನೆರಳುಗಳ ವ್ಯತ್ಯಾಸ 8 ಮಿ.ಮೀ.ನಷ್ಟೇ, ನೆರಳಿನ ಅಂಚಿನ ಮಬ್ಬೇ ಅದಕ್ಕಿಂತ ಅಗಲ. ಒಂದು ಮಿ.ಮೀ. ತಪ್ಪಿದರೆ ಭೂಮಿ ಶೇ. 13ರಷ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಏಪ್ರಿಲ್ 28 ಮತ್ತು ಆಗಸ್ಟ್ 15ರ ಸುಮಾರಿಗೆ ಚನ್ನಗಿರಿಯಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದರಿಂದ ಅಲ್ಲಿಯ ಕೋಲಿಗೆ ನೆರಳೇ ಇರುವುದಿಲ್ಲ. ಆ ದಿನ ದಾವಣಗೆರೆಯ ನೆರಳೊಂದನ್ನೇ ಅಳೆದರೆ ಸಾಕು.

ಇಂದಿನ ಸ್ಥಿತಿ

ಕರ್ನಾಟಕದಲ್ಲಿ ಈ ಬಗೆಯ ಶಿಕ್ಷಣದ ಮುಖ್ಯ ಕೇಂದ್ರಗಳು ತಾರಾಲಯಗಳು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ 1989ರಿಂದ ನಡೆಯುತ್ತಿದೆ. ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ತೆರೆಯಿತು. ಅದರ ಗುಮ್ಮಟ 18 ಮೀಟರಿನದು, ಪ್ರದರ್ಶನ ಮೂರು ಆಯಾಮದ್ದು. ಗುಮ್ಮಟದೊಳಗೆ ಕುಳಿತವರನ್ನು ಕ್ಷಣಾರ್ಧದಲ್ಲಿ ಶನಿಯ ಬಳಿಗೆ ಒಯ್ಯುವ ಡಿಜಿಟಲ್ ಪ್ರದರ್ಶನ ಗ್ರಹದ ರೂಪವನ್ನು ಅದ್ಭುತವಾಗಿ ತೋರಿಸುತ್ತದೆ, ದಾರಿಯ ಉದ್ದವನ್ನು ತೋರಿಸುವುದಿಲ್ಲ. ಆ ಕೆಲಸ ನಡಿಗೆ ಮಾದರಿಗೇ ಉಳಿದಿದೆ.

ಕನ್ನಡ ಬರವಣಿಗೆಯಲ್ಲಿ ಈ ಪರಂಪರೆ ಗಟ್ಟಿಯಾದದ್ದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಸಹೋದ್ಯೋಗಿಯೊಂದಿಗೆ ‘ವಿಜ್ಞಾನ’ ಪತ್ರಿಕೆ ಆರಂಭಿಸಿದರು. ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಲ್ಲಿ ಮಕ್ಕಳ ಕೈಗೆ ಬಂತು. ಆರ್.ಎಲ್. ನರಸಿಂಹಯ್ಯನವರು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ವಿಭಾಗ ನೋಡಿಕೊಂಡ ಜಿ.ಟಿ. ನಾರಾಯಣರಾಯರು ಖಗೋಳದ ಪರಿಭಾಷೆಯನ್ನು ಬಳಕೆಗೆ ತಂದರು. ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಅವರು ರಘುನಾಥಾಚಾರಿಯವರ ಶುಕ್ರ ಸಂಕ್ರಮದ ಪುಸ್ತಿಕೆಯನ್ನು ಅಧ್ಯಯನ ಮಾಡಿ ಮತ್ತೆ ಬೆಳಕಿಗೆ ತಂದಿದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಶಾಲೆಗಳಿಗೆ ತಲುಪಿದೆ.

ಹಳೆಯ ನಡಿಗೆ ಮಾದರಿಗಳಿಗೆ ತಿದ್ದುಪಡಿ ಬೇಕಾಗುತ್ತಲೇ ಇದೆ. 2006ರ ಆಗಸ್ಟ್ 24ರಂದು ಪ್ಲೂಟೊ ಕುಬ್ಜಗ್ರಹಗಳ ಪಟ್ಟಿಗೆ ಸೇರಿತು. ಆದರೂ ಮೇನ್, ಇಥಾಕಾ, ಸ್ವೀಡನ್ ಮಾದರಿಗಳಲ್ಲಿ ಅದರ ಕಂಬವನ್ನು ಕಿತ್ತಿಲ್ಲ. 2013ರ ಡಿಸೆಂಬರಿನಲ್ಲಿ ಹಾರಿದ ಯುರೋಪಿನ ಗಾಯಾ ನೌಕೆ 2025ರ ಆರಂಭದವರೆಗೆ ಸುಮಾರು 200 ಕೋಟಿ ನಕ್ಷತ್ರಗಳ ಸ್ಥಾನವನ್ನು ಅಳೆದಿರುವುದರಿಂದ ನಕ್ಷತ್ರಗಳ ಹಂತದ ಮಾದರಿಗಳು ಈಗ ಹಿಂದೆಂದಿಗಿಂತ ನಿಖರವಾಗಿವೆ. 2016ರಲ್ಲಿ ಪ್ರಾಕ್ಸಿಮಾದ ಸುತ್ತ ಒಂದು ಗ್ರಹ ಪತ್ತೆಯಾಯಿತು. ಚನ್ನಗಿರಿ ಮಾದರಿಯಲ್ಲಿ ಅದು, ಚಂದ್ರನಷ್ಟು ದೂರದಲ್ಲಿರುವ ಆ 2.1 ಮೀಟರಿನ ಗೋಳದಿಂದ 73 ಮೀಟರು ಆಚೆ, ಹನ್ನೊಂದು ದಿನಕ್ಕೊಮ್ಮೆ ಸುತ್ತು ಮುಗಿಸುತ್ತದೆ.